ತೋಮರು ಬಂದಿದ್ದರೇ ಎಂದು ಕೇಳಿದಾಗ

ಮಸ್ಕಿಯಲ್ಲಿ ಹುಟ್ಟಿ ಬೆಳೆದವರಿಗೆ ಒಂದು ಕೆಟ್ಟ ಅಭ್ಯಾಸ ಅಂಟಿರುತ್ತದೆ. ನಮ್ಮೂರ ಗುಡ್ಡದ ಬಂಡೆಯ ಮೇಲೆ ಅಶೋಕನೇ ತನ್ನ ಹೆಸರು ಕೆತ್ತಿಸಿ ಹೋಗಿದ್ದಾನೆ. ಆದ್ದರಿಂದ ಉಳಿದ ದೊಡ್ಡವರೂ ಹೀಗೆಯೇ ಕಲ್ಲಿನ ಮೇಲೆ ಹಾಜರಿ ಹಾಕಿ ಹೋಗಬೇಕಿತ್ತು ಎಂದು ಬಯಸುತ್ತೇವೆ. ಇತಿಹಾಸದ ಮೇಷ್ಟ್ರಾದ ನನಗೆ ಈ ರೋಗ ತುಸು ಹೆಚ್ಚು. ಇದರಿಂದಲೇ ಈಚೆಗೆ ಇದ್ದೊಬ್ಬ ಗೆಳೆಯನನ್ನೂ ಕಳೆದುಕೊಳ್ಳುವುದರಲ್ಲಿದ್ದೆ.

ಗೆಳೆಯ ಇನ್ನಾಸಪ್ಪ ಲಿಂಗಸುಗೂರಿನ ನಮ್ಮ ಶಾಲೆಯಲ್ಲಿ ಗಣಿತ ಹೇಳುತ್ತಾನೆ. ಮುದಗಲ್ಲಿನ ಹಳೆಯ ಕ್ರೈಸ್ತ ಮನೆತನದವನು. ಮಧ್ಯಾಹ್ನ ನನ್ನ ಡಬ್ಬಿಯ ರೊಟ್ಟಿ ಅವನಿಗೆ, ಅವನ ಡಬ್ಬಿಯ ಪುಂಡಿಪಲ್ಯ ನನಗೆ. ಒಂದು ದಿನ, "ಸಂತ ತೋಮರ ಹಬ್ಬಕ್ಕ ಚರ್ಚಿನ್ಯಾಗ ನೀನಽ ಮಾತಾಡಬೇಕು. ಅವರು ನಮ್ಮ ದೇಶಕ್ಕ ಬಂದಿದ್ದಕ್ಕ ಏನೇನು ಆಧಾರ ಅದಾವ, ಹೇಳು. ನಮ್ಮವ್ವನೂ ಬರತಾಳ," ಎಂದ. ಒಪ್ಪಿಕೊಂಡು ಓದಲು ಕುಳಿತೆ. ಓದಿದಷ್ಟೂ ಆಧಾರ ತೆಳುವಾಗುತ್ತ ಹೋಯಿತು. ಸುವಾರ್ತೆಗಳಲ್ಲಿ ಯೇಸುವಿನ ಈ ಶಿಷ್ಯನ ಮಾತು ಕೆಲವೇ. ಭಾರತದ ಸುದ್ದಿಯೇ ಇಲ್ಲ. ಭಾರತಕ್ಕೆ ಬಂದ ಕಥೆ ಸಿಗುವುದು ಬಹುಕಾಲದ ನಂತರ ಸಿರಿಯಾದ ಕಡೆ ಬರೆದಿಟ್ಟದ್ದರಲ್ಲಿ. ಅದರಲ್ಲಿ ಒಬ್ಬ ರಾಜ ಅರಮನೆ ಕಟ್ಟಲು ತೋಮರಿಗೆ ಹಣ ಕೊಡುತ್ತಾನೆ. ಅವರು ಅದನ್ನೆಲ್ಲ ಬಡವರಿಗೆ ಹಂಚಿ, ಅರಮನೆ ಸ್ವರ್ಗದಲ್ಲಿ ಎದ್ದಿದೆ ಎನ್ನುತ್ತಾರೆ. ಆ ರಾಜನ ಹೆಸರಿನ ನಾಣ್ಯಗಳೇನೋ ಭಾರತದ ವಾಯವ್ಯದ ಕಡೆ ಸಿಕ್ಕಿವೆ. ಆದರೆ ನಾಣ್ಯ ರಾಜನಿಗೆ ಸಾಕ್ಷಿಯೇ ಹೊರತು ತೋಮರಿಗಲ್ಲ. ಕೇರಳದವರು ಬಾಯಿಂದ ಬಾಯಿಗೆ ಉಳಿಸಿಕೊಂಡ ನೆನಪಿದೆ. ಆ ಕಾಲದ ಕಲ್ಲಿಲ್ಲ. ಹಬ್ಬದ ದಿನ ಇದನ್ನು ಹೇಗೆ ಹೇಳುವುದು? ಹೇಳದಿದ್ದರೆ ಸುಳ್ಳು, ಹೇಳಿದರೆ ಇನ್ನಾಸಪ್ಪನ ಮುಖ ನೋಡುವುದು ಹೇಗೆ?

ಹಬ್ಬದ ದಿನ ಮುದಗಲ್ಲಿನ ಚರ್ಚಿನಲ್ಲಿ ಎಲ್ಲವನ್ನೂ ಇದ್ದಂತೆ ಹೇಳಿದೆ. ಅರಮನೆಯ ಕಥೆ ಬಂದಾಗ ಹಿಂದಿನ ಬೆಂಚಿನಿಂದ ಯಾರೋ, "ಹಂಗಾದ್ರ ನಮ್ಮ ಓಣಿ ರಸ್ತೆನೂ ಸ್ವರ್ಗದಾಗ ಆಗ್ಯಾದ ಬಿಡ್ರಿ!" ಎಂದರು. ಎಲ್ಲರೂ ನಕ್ಕರು. ಮುಂದೆ ಕುಳಿತಿದ್ದ ಇನ್ನಾಸಪ್ಪನ ತಾಯಿ ಮಾತ್ರ ನಗಲಿಲ್ಲ.

"ಸರ, ಬಂದಿದ್ರೋ ಇಲ್ಲೋ, ಅಷ್ಟು ಹೇಳ್ರಿ."

"ಬಂದಿರಬಹುದ್ರಿ ಯವ್ವಾ. ಬಂದಿಲ್ಲ ಅನ್ನಾಕೂ ನನ್ನ ಕಡೆ ಸಾಕ್ಷಿ ಇಲ್ಲ."

ಅವರು ಸೆರಗು ಸರಿಮಾಡಿಕೊಂಡರು. ಅದರ ಅರ್ಥವೇನೆಂದು ನನಗೆ ಇಂದಿಗೂ ತಿಳಿಯದು. ಬಸ್ ಹತ್ತಿಸುವಾಗ ಇನ್ನಾಸಪ್ಪ, "ಛಲೋ ಮಾತಾಡಿದಿ. ಎಲ್ಲಾರಿಗೂ ಭಾಳ ಸೇರ್ಯಾದ. ಅವ್ವಗೂ," ಎಂದ.

ಮನೆಗೆ ಬಂದು ಹೆಂಡತಿಗೆ ಹೆಮ್ಮೆಯಿಂದ ಇದನ್ನೇ ಹೇಳಿದೆ.

"ಎಲ್ಲಾರಿಗೂ ಸೇರ್ಯಾದ ಅಂತ ಯಾರು ಹೇಳಿದ್ರು?"

"ಇನ್ನಾಸಪ್ಪ."

"ಮತ್ಯಾರು?"

ಯೋಚಿಸಿದೆ. ಮತ್ಯಾರೂ ಇಲ್ಲ. ಇದ್ದದ್ದು ಒಂದೇ ಸಾಕ್ಷಿ, ಅದೂ ಬೇಕಾದವನದು, ಅದೂ ಬಸ್ಸಿನ ಸದ್ದಿನಲ್ಲಿ ಕೇಳಿದ್ದು. ನನ್ನ ವಿದ್ಯಾರ್ಥಿ ಇಂಥದ್ದನ್ನು ಬರೆದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ. ಆದರೆ ಇನ್ನಾಸಪ್ಪ ಹೇಳಿದ ಮೇಲೆ ನಿಜವೇ ಇರಬೇಕು. ನಾನಂತೂ ನಂಬಿದ್ದೇನೆ.