ರೊಟ್ಟಿ ಅಕ್ಕಾರ ಫಾಸ್ಫೇಟು

ರಾಣೇಬೆನ್ನೂರಿನಲ್ಲಿ ದವಾಖಾನೆ ಇಟ್ಟವನು ನಗು ಹುಡುಕಿಕೊಂಡು ಹೋಗಬೇಕಿಲ್ಲ. ಅದೇ ಪಾಳಿ ಹಚ್ಚಿ ಒಳಗೆ ಬರುತ್ತದೆ. ತೊಂಬತ್ತರ ದಶಕದಲ್ಲಿ ಒಮ್ಮೆ ಒಬ್ಬರೇ ಪೇಶಂಟಿನಿಂದ ಇಷ್ಟೆಲ್ಲ ಆಯಿತು.

ಚಾದ ಬಾಟ್ಲಿ

ಬಸ್‌ಸ್ಟ್ಯಾಂಡ್ ಹತ್ತಿರ ಖಾನಾವಳಿ ನಡೆಸುತ್ತಿದ್ದ ಅಕ್ಕಾರಿಗೆ ಮೈಯಲ್ಲಿ ರಕ್ತ ತೀರಾ ಕಡಿಮೆ. ಕಬ್ಬಿಣದ ಗುಳಿಗೆ ನುಂಗಿದರೆ ವಾಂತಿ. ಹೊರದೇಶದಲ್ಲಿದ್ದ ಅವರ ತಮ್ಮ ಕಬ್ಬಿಣದ ಇಂಜೆಕ್ಷನ್ ತಂದುಕೊಟ್ಟ. ಅದನ್ನು ಸಲಾಯಿನ್‌ನಲ್ಲಿ ಬೆರೆಸಿ ಆಗಾಗ ನರಕ್ಕೆ ಏರಿಸತೊಡಗಿದೆ. ಬಾಟ್ಲಿಯ ಕಂದು ಬಣ್ಣ ನೋಡಿ ಅಕ್ಕಾರು, "ಡಾಕ್ಟರ್ರ, ಚಾ ಏರಸಾಕತ್ತೀರಿ ಖರೇ, ಹಾಲು ಹಾಕೂದು ಮರತೀರೇನು?" ಎಂದರು.

ಗಂಡನ ರೊಟ್ಟಿ

ರಕ್ತವೇನೋ ಚೆನ್ನಾಗಿ ಏರಿತು. ಆದರೆ ಕೆಲವು ತಿಂಗಳಲ್ಲಿ ಅಕ್ಕಾರಿಗೆ ಸೊಂಟ, ತೊಡೆಯ ಎಲುಬು ನೋವು. ಕುಂತರೆ ಏಳಲಾಗದು, ರೊಟ್ಟಿ ಬಡಿಯಲು ತೋಳಲ್ಲಿ ತ್ರಾಣವಿಲ್ಲ. "ಕೈ ಹೋದ್ರ ಖಾನಾವಳಿನೂ ಹೋತ್ರಿ," ಎಂದು ಅತ್ತರು. ಅವರಿಗೆ ಗುಣವಾಗುವವರೆಗೆಂದು ಗಂಡನೇ ರೊಟ್ಟಿ ಬಡಿಯಲು ಕೂತರು. ಮರುದಿನ ಅಲ್ಲಿ ಊಟ ಮಾಡುವ ಗುಮಾಸ್ತರೊಬ್ಬರು ದವಡೆ ಹಿಡಿದುಕೊಂಡು ಬಂದರು.

"ಎಲ್ಲಿ ಬಿದ್ರಿ?"

"ಬಿದ್ದಿಲ್ರಿ, ಉಂಡೇನಿ."

ಎಷ್ಟು ಚೀಲ?

ಕೆಲವು ಕಬ್ಬಿಣದ ಇಂಜೆಕ್ಷನ್‌ಗಳಿಂದ ಹೀಗಾಗುತ್ತದೆಂದು ಓದಿದ್ದೆ. ಹುಬ್ಬಳ್ಳಿಗೆ ರಕ್ತ ಕಳಿಸಿದೆ. ನನ್ನ ಗುಮಾನಿ ನಿಜ. ಫಾಸ್ಫೇಟ್ ತಳ ಕಂಡಿತ್ತು. ಅಕ್ಕಾರನ್ನೂ ಗಂಡನನ್ನೂ ಎದುರಿಗೆ ಕೂರಿಸಿ ಹೇಳಿದೆ: "ಈ ಔಷಧದಿಂದ ಮೂತ್ರಪಿಂಡ ಫಾಸ್ಫೇಟನ್ನ ಹೊರಗ ಹಾಕಾಕತ್ತೈತಿ. ಅದಿಲ್ದ ಎಲುಬಿಗೂ ಸ್ನಾಯುವಿಗೂ ಬಲ ಇರೂದಿಲ್ಲ."

ಗಂಡ ಗೊಬ್ಬರದಂಗಡಿಯಲ್ಲಿ ಕೆಲಸಕ್ಕಿದ್ದವರು. ಮುಖ ಅರಳಿತು. "ಇಷ್ಟ ಏನ್ರಿ? ಸೂಪರ್ ಫಾಸ್ಫೇಟ್ ನಮ್ಮ ಅಂಗಡ್ಯಾಗ ಬೇಕಾದಷ್ಟೈತಿ. ಎಷ್ಟು ಚೀಲ ಬೇಕ್ರಿ?"

ಏಳಲಾಗದ ಅಕ್ಕಾರು ಅಂದು ಕುರ್ಚಿಯಿಂದ ಅರ್ಧ ಎದ್ದರು. "ನನ್ನೇನು ಹೊಲಾ ಅಂತ ತಿಳದೀರೇನು?"

ಹತ್ತಿ ಗಿಡದ ಪಾಳಿ

ಆ ಇಂಜೆಕ್ಷನ್ ನಿಲ್ಲಿಸಿ, ಮನುಷ್ಯರ ಫಾಸ್ಫೇಟ್ ಔಷಧವನ್ನೂ ವಿಟಮಿನ್ ಡಿಯನ್ನೂ ಕೊಟ್ಟೆ. ನೋವು ಮೆಲ್ಲಗೆ ಇಳಿಯಿತು; ಖಾನಾವಳಿಯಿಂದ ಮತ್ತೆ ರೊಟ್ಟಿ ಬಡಿಯುವ ಸದ್ದು ಬಂತು. ಹಿಗ್ಗಿದ ಗಂಡ ಅಂಗಡಿಗೆ ಬಂದವರಿಗೆಲ್ಲ, "ಫಾಸ್ಫೇಟ್ ಕಡಿಮಿ ಆದ್ರ ಆ ಡಾಕ್ಟರ್ರ ಕಡೆ ಹೋಗ್ರಿ," ಎಂದು ಸಾರತೊಡಗಿದರು.

ಒಂದು ಬೆಳಿಗ್ಗೆ ಕುಪ್ಪೇಲೂರಿನ ರೈತರೊಬ್ಬರು ಬಂದರು. ಟವೆಲ್ ಬಿಚ್ಚಿ, ಬೇರುಸಹಿತ ಕಿತ್ತು ತಂದಿದ್ದ ಹತ್ತಿ ಗಿಡವನ್ನು ನನ್ನ ತಪಾಸಣೆಯ ಮಂಚದ ಮೇಲೆ ಜೋಪಾನವಾಗಿ ಮಲಗಿಸಿದರು.

"ಬಾಳ ಸೊರಗೈತ್ರಿ. ಬಾಟ್ಲಿ ಹಚ್ಚೂದಾದ್ರ ಹಚ್ರಿ, ನಾ ಹೊರಗ ಕುಂದರತೇನಿ."