ಭಾವನ ಸುಸ್ತಿನ ತನಿಖೆ

ನಿದ್ರೆ ಮಾಡಿ ಮಾಡಿಯೇ ದಣಿದ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ನನ್ನ ಅಕ್ಕನ ಗಂಡ!

ಕೋಟದ ಹೆದ್ದಾರಿ ಬದಿಯಲ್ಲಿ ಭಾವನದೊಂದು ಸಣ್ಣ ಹೋಟೆಲು. ದೋಸೆ ಕಾವಲಿಯೇ ಅವರ ಸಿಂಹಾಸನ. ಹೆಮ್ಮಾಡಿಯಲ್ಲಿ ಬೈಕ್ ಗ್ಯಾರೇಜು ಇಟ್ಟ ನಾನು ಸೈಲೆನ್ಸರ್ ಒಡೆದ ಗಾಡಿಗಳನ್ನು ದಿನವೂ ಕೇಳುವವನು. ಭಾವನ ಗೊರಕೆಯ ಮುಂದೆ ಅವೆಲ್ಲ ಪಿಸುಮಾತು! ನಡುನಡುವೆ ಉಸಿರೇ ನಿಂತುಹೋಗುತ್ತಿತ್ತು. ಅದು ಮತ್ತೆ ಬರುವವರೆಗೆ ಅಕ್ಕ ಎದ್ದು ಕೂತಿರುತ್ತಿದ್ದಳು. ಕೊನೆಗೆ ಕುಂದಾಪುರದ ಡಾಕ್ಟರು, ಮೂಗಿಗೆ ಕಟ್ಟಿಕೊಂಡು ಮಲಗುವ ಗಾಳಿ ಮೆಷಿನ್ ಕೊಡಿಸಿದರು. ಗೊರಕೆ ನಿಂತಿತು. "ನಿಮ್ಮನೆಯವ್ರ್ ಊರಲ್ಲಿಲ್ಯಾ?" ಎಂದು ಪಕ್ಕದ ಮನೆಯವರು ವಿಚಾರಿಸಿಕೊಂಡು ಬಂದರು!

ಸುಸ್ತು ಮಾತ್ರ ಹೋಗಲಿಲ್ಲ. ಒಂದು ದಿನ ಭಾವ ನಿಂತಲ್ಲೇ ತೂಕಡಿಸಿ, ದೋಸೆಯ ಜೊತೆ ಅಂಗೈಯನ್ನೂ ಸುಟ್ಟುಕೊಂಡರು. ಅಕ್ಕ ಸಟ್ಟುಗವನ್ನೇ ಕಪಾಟಿನಲ್ಲಿಟ್ಟು ಬೀಗ ಹಾಕಿದಳು.

"ಸುಸ್ತ್ ಹೋಪಲ್ಲಿವರಿಗೆ ಕಾವ್ಲಿ ಹತ್ರ ಹೋಪುಕಿಲ್ಲೆ. ಸುಸ್ತ್ ಹೋಗ್ದೇ ಇದ್ರೆ ಹೋಟ್ಲ್ ಬೇರೆಯವ್ರಿಗೆ ಬಿಟ್ ಕೊಡುದೇ!"

ಅಲ್ಲಿಂದ ಭಾವನ ತನಿಖೆ ಶುರು. ಮೊದಲ ಆರೋಪಿ ಹಾಸಿಗೆ. ಎರಡನೆಯದು ಮಂಚದ ದಿಕ್ಕು. ನಾಲ್ಕೂ ದಿಕ್ಕಿಗೆ ತಿರುಗಿಸಿಯಾಯಿತು; ಸುಸ್ತಾದದ್ದು ಮಂಚ ಎಳೆದ ನನಗೆ! ಆಮೇಲೆ ಮೆಷಿನ್ನನ್ನೇ ಹೊತ್ತುಕೊಂಡು ಗ್ಯಾರೇಜಿಗೆ ಬಂದರು.

"ಇದ್ರ್ ಕಾರ್ಬೊರೇಟರ್ ಒಂಚೂರ್ ಕಾಣ್ ಮಾರಾಯ."

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ಯಾವುದನ್ನು ಬಿಚ್ಚಬಾರದು ಎಂದು ತಿಳಿಯುವಷ್ಟು ವಿದ್ಯೆ ನನಗಿದೆ. ಮುಟ್ಟಲಿಲ್ಲ. ಡಾಕ್ಟರೂ ಮೆಷಿನ್ ನೋಡಿ, "ಇದು ಸರಿಯಾಗೇ ಕೆಲಸ ಮಾಡ್ತಿದೆ. ಏಳು ಗಂಟೆ ನಿದ್ರೆಯೂ ಆಗ್ತಿದೆ. ಕಾರಣ ಬೇರೆ ಇರಬೇಕು, ರಕ್ತ ನೋಡೋಣ" ಎಂದರು. ನೋಡಿದರೆ ಭಾವನ ಹಳೆಯ ಥೈರಾಯ್ಡು! ಎರಡು ವರ್ಷದಿಂದ ಮಾತ್ರೆ ನುಂಗುತ್ತಿದ್ದರೂ ಅದು ಹತೋಟಿಗೆ ಬಂದಿರಲಿಲ್ಲ.

ವರದಿ ತೋರಿಸುವ ದಿನ ಭಾವನನ್ನು ಬೈಕಿನಲ್ಲಿ ಕರೆದೊಯ್ಯಲು ಬೆಳಿಗ್ಗೆಯೇ ಕೋಟಕ್ಕೆ ಹೋದೆ. ಅಕ್ಕ ಭಾವನಿಗೆ ಕಾಫಿ ತಂದುಕೊಟ್ಟಳು. ಸಾಸರಿನ ಅಂಚಿನಲ್ಲಿ ಮಾತ್ರೆ. ಭಾವ ಮಾತ್ರೆ ಬಾಯಿಗೆ ಹಾಕಿ ಕಾಫಿ ಹೀರಿದರು. ನಾನೂ ಕುಡಿದೆ, ಹೊರಟೆವು.

"ಮಾತ್ರೆ ದಿನಾ ತಗೊಳ್ತೀರಾ?" ಎಂದರು ಡಾಕ್ಟರು.

"ಒಂದ್ ದಿನ ತಪ್ಪಿಲ್ಲೆ."

"ಖಾಲಿ ಹೊಟ್ಟೆಗೆ?"

"ಖಾಲಿ ಹೊಟ್ಟಿಗೇ!"

ಗಿರಾಕಿ ಹೇಳಿದ್ದನ್ನು ನಾನು ಯಾವತ್ತೂ ನಂಬುವವನಲ್ಲ. ಮೊನ್ನೆಯಷ್ಟೇ ಆಯಿಲ್ ಬದಲಿಸಿದೆ ಅನ್ನುತ್ತಾರೆ, ಬಿಚ್ಚಿದರೆ ಒಳಗೆ ಡಾಂಬರು! ಬಾಯಿ ಹಾಕಿದೆ: "ಕಾಪಿ ಒಟ್ಟಿಗೆ ನುಂಗ್ತ್ರಿ ಅಲ್ದಾ ಭಾವ?"

"ಕಾಪಿ ಎಂತ ತಿಂಬುದಾ? ಖಾಲಿ ಹೊಟ್ಟಿ ಅಂದ್ರೆ ತಿಂಡಿ ತಿನ್ನದೆ ಇಪ್ಪುದ್! ಕಾಪಿಯ ಯಾರಾರ್ ಹೊಟ್ಟಿ ಲೆಕ್ಕಕ್ಕೆ ಹಿಡಿತ್ರಾ?"

ಡಾಕ್ಟರು ಪೆನ್ನು ಕೆಳಗಿಟ್ಟರು. ಕಾಫಿ ಜೊತೆಗಿದ್ದರೆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ನೀರಿನಲ್ಲಿ ನುಂಗಬೇಕು, ಒಂದು ಗಂಟೆ ಬೇರೇನೂ ಬೇಡ. ಚೀಟಿಯಲ್ಲೂ ಬರೆದುಕೊಟ್ಟರು. ನನ್ನ ಎದೆ ಎರಡಿಂಚು ಉಬ್ಬಿತು!

ವಾಪಸು ಬರುವಾಗ ಭಾವ ಹಿಂದಿನಿಂದ ಬೆನ್ನು ತಟ್ಟಿದರು. "ಗಾಡಿ ನಿಲ್ಸ್ ಮಾರಾಯ. ಕಾಪಿ ಸುದ್ದಿ ಅಕ್ಕನತ್ರ ಹೇಳ್ಬೇಡ. ಮಾತ್ರಿ ಮರೀಬಾರ್ದ್ ಅಂದೇಳಿ ಕಾಪಿ ಒಟ್ಟಿಗ್ ಇಟ್ ಕೊಡುದ್ ಅವ್ಳೇ. ತನ್ನಿಂದ್ಲೇ ಆಯ್ತ್ ಅಂದ್ಕಂಡ್ರೆ ಅವ್ಳ್ ನಿದ್ರಿ ಹಾಳಾತ್ತ್."

ಮನೆಯಲ್ಲಿ "ಡಾಕ್ಟ್ರ್ ಕ್ರಮ ಬದ್ಲ್ ಮಾಡಿರ್" ಎಂದಷ್ಟೇ ಹೇಳಿ ಅಕ್ಕನ ಕೈಗೆ ಚೀಟಿ ಕೊಟ್ಟರು.

ಎರಡು ತಿಂಗಳ ಮೇಲೆ ರಕ್ತದ ವರದಿ ಸರಿಯಾಗಿ ಬಂತು, ಸಟ್ಟುಗಕ್ಕೆ ಬಿಡುಗಡೆಯಾಯಿತು. ಮೊನ್ನೆ ಬೆಳಿಗ್ಗೆ ಹೋದಾಗ ಅಕ್ಕ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು: "ಕಾಪಿದೇ ಎಡವಟ್ಟ್ ಅಂದೇಳಿ ಚೀಟಿ ಓದಿ ಅವತ್ತೇ ಗೊತ್ತಾಯ್ತ್. ಅವ್ರಿಗ್ ಹೇಳ್ಬೇಡ ಹಾಂ. ನಾ ಬೇಜಾರ್ ಮಾಡ್ಕಂತೆ ಅಂದೇಳಿ ಮುಚ್ಚಿಟ್ಟಿರ್, ಪಾಪ."

ಹೇಳಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಭಾವನ ಪಕ್ಕ ಕೂತಳು. ಮಾತ್ರೆ ಆಗಿತ್ತು, ಕಾಫಿಗೆ ಇನ್ನೂ ಹೊತ್ತಿತ್ತು. ಬೆಳಗಿನ ಹೊತ್ತು ಅಕ್ಕ ಕೂತದ್ದನ್ನು ನಾನು ಕಂಡವನೇ ಅಲ್ಲ. ಸ್ವಲ್ಪ ಹೊತ್ತಿಗೆ ಅವಳ ತಲೆ ತೂಕಡಿಸಿ ಭಾವನ ಹೆಗಲಿಗೆ ವಾಲಿತು.

ಭಾವ ಅಲ್ಲಾಡಲಿಲ್ಲ. ಗಂಟೆ ಕಳೆದರೂ ಕಾಫಿ ಕೇಳಲಿಲ್ಲ.