ಚಿಗವ್ವನ ಬಿಯರ್ ಬಳ್ಳಿ

ನಮ್ಮ ಮನೆತನದಲ್ಲಿ ಬಿಯರಿನ ಬಗ್ಗೆ ತಿಳಿದು ಮಾತಾಡುವವರು ಒಬ್ಬರೇ, ನಮ್ಮ ಚಿಗವ್ವ. ನನ್ನ ಅವ್ವನ ಬೆನ್ನಿಗೆ ಹುಟ್ಟಿದ ತಂಗಿ. ಅರವತ್ಮೂರು ವಯಸ್ಸು, ಹಣೆಗೆ ವಿಭೂತಿ, ಮೈಮೇಲೆ ಇಳಕಲ್ ಸೀರೆ, ಕೊರಳಲ್ಲಿ ಲಿಂಗ, ಕೈಯಲ್ಲಿ ಥರ್ಮಾಮೀಟರು! ಇಷ್ಟಾಗಿ ಒಂದು ಹನಿ ಬಿಯರನ್ನೂ ಬಾಯಿಗೆ ಹಾಕಿದವಳಲ್ಲ. ಯಾಕೆ ಎಂದು ಕೇಳಿದರೆ, "ನಾ ಮಾಡಾಕಿ, ಕುಡಿಯಾಕಿ ಅಲ್ಲ. ಸಕ್ಕರಿ ಬ್ಯಾನಿ ಇದ್ದಾಕಿ ಮಂದಿಗೆ ಹೋಳಗಿ ಮಾಡಿ ಬಡಸೂದಿಲ್ಲೇನು?" ಎಂದು ನಮಗೇ ತಿರುಗಿ ಕೇಳುತ್ತಾಳೆ. ಇದಕ್ಕೆ ಏನು ಉತ್ತರ ಕೊಡುತ್ತೀರಿ?

ಚಿಗವ್ವ ಧಾರವಾಡದ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಮೂವತ್ತೈದು ವರ್ಷ ಸಹಾಯಕಿಯಾಗಿದ್ದಳು. ಬಿ.ಎಸ್ಸಿ. ಮುಗಿಸಿದಾಗ ಎಂ.ಎಸ್ಸಿ.ಗೆ ಸೀಟು ಸಿಕ್ಕಿತ್ತು. ನಮ್ಮ ಅಜ್ಜ "ಸಾಕು" ಅಂದ. ಅಜ್ಜ ಸಾಕು ಅಂದಮೇಲೆ ಬೇಕು ಅನ್ನುವ ಧೈರ್ಯ ಆ ಮನೆಯಲ್ಲಿ ಬೆಕ್ಕಿಗೂ ಇರಲಿಲ್ಲ. ಲಗ್ನದ ಮಾತು ಬಂದಾಗ ಚಿಗವ್ವ "ಸಾಕು" ಅಂದಳು, ಲೆಕ್ಕ ಚುಕ್ತಾ ಆಯಿತು. ಆಮೇಲೆ ವರ್ಷಗಟ್ಟಲೆ ಮಂದಿಯ ಪ್ರಯೋಗಕ್ಕೆ ನಳಿಕೆ ತೊಳೆದು ಕೊಟ್ಟಳು, ಹುಡುಗರು ಒಡೆದ ಬೀಕರು ಗುಡಿಸಿದಳು. ನಿವೃತ್ತಿಯ ದಿನ ಶಾಲು ಹೊದೆಸಿ, ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಬೈರಿದೇವರಕೊಪ್ಪದ ತನ್ನ ಮನೆಗೆ ಬಂದವಳೇ ಗಡಿಯಾರವನ್ನು ಮೂಲೆಗಿಟ್ಟು, "ಸಾಯೂದ್ರಾಗ ನಂದು ಅನ್ನೂವಂಥಾ ಒಂದ ಪ್ರಯೋಗ ಮಾಡಬೇಕ್ವಾ" ಎಂದಳು.

ಬೇರೆ ಯಾರಾದರೂ ಆಗಿದ್ದರೆ ಸಾಬೂನು ಮಾಡುತ್ತಿದ್ದರು, ಗುಲಕಂದ ಮಾಡುತ್ತಿದ್ದರು. ಚಿಗವ್ವನಿಗೆ ಹಾಪ್ಸ್ ಎಂಬ ಬಳ್ಳಿಯ ಸುದ್ದಿ ಕಿವಿಗೆ ಬಿತ್ತು. ಬಿಯರಿಗೆ ಕಹಿ ಕೊಡುವುದು, ಘಮ ಕೊಡುವುದು ಈ ಬಳ್ಳಿಯ ಹೂವು. ಚಳಿ ಸೀಮೆಯ ಬಳ್ಳಿ. ಗಿಡಗಳ ವಿಷಯ ಬಲ್ಲವರೊಬ್ಬರು ಅವಳಿಗೆ, "ನಮ್ಮ ಕಡೆ ಅದು ಹೂ ಬಿಡೂದಿಲ್ರಿ, ಸುಮ್ನ ಬಿಡ್ರಿ" ಎಂದುಬಿಟ್ಟರು. ಮುಗಿಯಿತಲ್ಲ! ಚಿಗವ್ವನಿಗೆ "ಆಗೂದಿಲ್ಲ" ಅಂದವರಿಗೆ ತಾವು ಏನು ಮಾಡಿದೆವೆಂಬುದು ಗೊತ್ತಿರುವುದಿಲ್ಲ. ತಾನೇ ಬೆಳೆದ ಹೂವಿನಿಂದ ಒಂದೇ ಒಂದು ಸಲ ಬಿಯರು ತೆಗೆಯಬೇಕು, ಅದೇ ತನ್ನ ಪ್ರಯೋಗ ಎಂದು ಅಂದೇ ತೀರ್ಮಾನಿಸಿದಳು.

ಹಿಮಾಚಲದಲ್ಲಿ ನೌಕರಿಯಲ್ಲಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೂರು ತಳಿಯ ಮೂರು ಬೇರಿನ ತುಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳಿಸಿದಳು. ಊರುವುದೆಲ್ಲಿ? ಚಿಗವ್ವನ ಹೆಸರಿನಲ್ಲಿ ತುಳಸಿ ಕುಂಡದಷ್ಟು ಜಾಗ ಬಿಟ್ಟರೆ ಬೇರೆ ಭೂಮಿ ಇಲ್ಲ. ಹೊಲ ಇರುವುದು ಹೆಬ್ಬಳ್ಳಿಯಲ್ಲಿ, ಅವಳ ಅಣ್ಣನ ಹತ್ತಿರ. ಆತ ನನ್ನ ಸೋದರಮಾವ, ಲಿಂಗಪೂಜೆಯಾಗದೆ ಗುಟುಕು ನೀರೂ ಮುಟ್ಟದ ಮನುಷ್ಯ. "ಇದು ಯಾತರ ಬಳ್ಳಿ?" ಎಂದು ಮಾಮಾ ಕೇಳಿದ. "ಔಷಧದ್ದು" ಎಂದಳು ಚಿಗವ್ವ. ಸುಳ್ಳೇನಲ್ಲ. ಎಷ್ಟು ಜನ ಬಿಯರನ್ನು ಔಷಧದ ಹಾಗೆ ತಪ್ಪದೆ ತೆಗೆದುಕೊಳ್ಳುವುದಿಲ್ಲ!

ಬಾವಿಯ ಪಕ್ಕ ಮೂರು ಕಂಬ ನಿಂತವು. ಒಂದೊಂದು ಕಂಬಕ್ಕೂ ಫಲಕ: ಹೆಬ್ಬಳ್ಳಿ ಒಂದು, ಹೆಬ್ಬಳ್ಳಿ ಎರಡು, ಹೆಬ್ಬಳ್ಳಿ ಮೂರು. ಹೆಬ್ಬಳ್ಳಿ ಒಂದು ಮೊದಲ ಬೇಸಗೆಯಲ್ಲೇ ಒಣಗಿತು. ಹೆಬ್ಬಳ್ಳಿ ಎರಡನ್ನು ಮಾಮಾನ ಎಮ್ಮೆ ಬೇರಿನ ತನಕ ತಿಂದು ಮುಗಿಸಿತು. ಚಿಗವ್ವ ಬಳ್ಳಿ ಹೋಯಿತೆಂದು ಅಳಲಿಲ್ಲ, ಮರುದಿನ ಬೆಳಿಗ್ಗೆ ಲೋಟ ಹಿಡಿದುಕೊಂಡು ಕೊಟ್ಟಿಗೆಗೆ ಹೋದಳು. "ಹಾಲು ಕಹಿ ಆಗೇದ ಏನ ನೋಡ್ತೇನಿ, ತಡಿ ಅಣ್ಣಾ." ಮಾಮಾನಿಗೆ ಆಗ ಸಂಶಯ ಬಂತು. ಔಷಧ ಯಾವ ಬ್ಯಾನಿಗೆ ಎಂದು ಕೂಡಿಸಿಕೊಂಡು ಕೇಳಿದ. ಚಿಗವ್ವ ಅಣ್ಣನೆದುರು ಎರಡನೆಯ ಸಲ ತಿರುಚಿ ಮಾತಾಡುವವಳಲ್ಲ. ಎಲ್ಲ ಹೇಳಿದಳು.

ಮಾಮಾ ಎದ್ದು ಹೋಗಿ ಎಮ್ಮೆಗೆ ಹುಲ್ಲು ಹಾಕಿ ಬಂದ. ಆಮೇಲೆ, "ಈ ಶ್ರಾವಣದೊಳಗ ಹೂ ಬಿಡ್ಲಿಲ್ಲಂದ್ರ ಕಿತ್ತ ಒಗದು ಮೆಣಸಿನಕಾಯಿ ಹಚ್ಚತೇನಿ. ಬಿಟ್ರ ನಿನ್ನ ಹಣೇಬಾರ" ಎಂದ. ಚಿಗವ್ವನ ಇಡೀ ಪ್ರಯೋಗ ಈಗ ಹೆಬ್ಬಳ್ಳಿ ಮೂರರ ಮೇಲೆ ನಿಂತಿತು.

ಆ ಬಳ್ಳಿಗೆ ನಮ್ಮ ಹಗಲು ಸಾಲುವುದಿಲ್ಲವಂತೆ. ಅದರ ತವರಿನಲ್ಲಿ ಬೇಸಗೆಯ ಹಗಲು ಬಹಳ ಉದ್ದ. ಅದಕ್ಕೆ ಚಿಗವ್ವ ಬಾವಿಯ ಮೋಟರಿನಿಂದ ವೈರು ಎಳೆದು ಕಂಬದ ಸುತ್ತ ಬಲ್ಬು ಕಟ್ಟಿಸಿದಳು. ಸಂಜೆ ಹೊತ್ತು ಮುಳುಗಿದರೂ ಬಳ್ಳಿಗೆ ಹಗಲು! ರಸ್ತೆಯಲ್ಲಿ ಹೊರಟವರು ನಿಂತು ನೋಡಿ, "ಯಾರ ಲಗ್ನ ಐತ್ರಿ ಯಜಮಾನ್ರ?" ಎಂದು ಕೇಳತೊಡಗಿದರು. ನಾಲ್ಕು ದಿನ ಮಾಮಾ ವಿವರಿಸಿ ಹೇಳಿದ. ಐದನೆಯ ದಿನ, "ಬಳ್ಳೀದು. ಊಟ ಇಲ್ಲ, ಹೋಗ್ರಿ" ಎಂದು ಕಳಿಸಿದ.

ಹೂ ಬರುವವರೆಗೆ ಕೈ ಕಟ್ಟಿ ಕೂಡುವುದು ಹೇಗೆ? ಪೇಟೆಯಿಂದ ಒಣ ಹೂ ತರಿಸಿ ಮನೆಯಲ್ಲಿ ಕೈ ಪಳಗಿಸಿಕೊಳ್ಳಲು ನಿಂತಳು. ಆದರೆ ಕಾಯಿದೆ ಮುರಿಯುವ ಹೆಂಗಸಲ್ಲ. ಮೊದಲು ಅನುಮತಿ ಕೇಳಲು ಸಂಬಂಧಪಟ್ಟ ಕಚೇರಿಗೆ ಅರ್ಜಿ ಬರೆದುಕೊಂಡು ಹೋದಳು. ಜೊತೆಗೆ ನಾನಿದ್ದೆ. ಗುಮಾಸ್ತರು ಓದಿ, ಇವಳ ವಿಭೂತಿ ನೋಡಿ, ಮತ್ತೆ ಓದಿದರು.

"ಮಾರಾಟ ಮಾಡ್ತೀರೇನ್ರೀ?"

"ಇಲ್ರಿ."

"ಮತ್ತ ಮನ್ಯಾಗ ಕುಡೀತೀರೇನು?"

"ಛೇ, ಇಲ್ರಿ."

"ಹಂಗಂದ್ರ ಯಾತಕ್ಕ ಮಾಡ್ತೀರಿ ತಾಯಿ?"

"ಆಗ್ತದೋ ಇಲ್ಲೋ ನೋಡಾಕ."

ಕಚೇರಿಯ ಫಾರ್ಮಿನಲ್ಲಿ ಅದಕ್ಕೆ ಖಾನೆ ಇರಲಿಲ್ಲ. ಅವರು ಪಾಪ, ಚಹಾ ತರಿಸಿದರು. ಆರನೆಯ ಭೇಟಿಯಲ್ಲಿ ಕಾಗದವೂ ಕೈಗೆ ಬಂತು. ಇವಳ ಹೆಜ್ಜೆ ಸಪ್ಪಳಕ್ಕೆ ಬೇಸತ್ತೇ ಕೊಟ್ಟರೆಂದು ನನ್ನ ಅನುಮಾನ.

ಇನ್ನು ಬಾಟಲಿ. ಗಬ್ಬೂರಿನ ಕಡೆ ಒಂದು ಗುಜರಿ ಅಂಗಡಿಗೆ ಹೋಗಿ ಖಾಲಿ ಬಿಯರ್ ಬಾಟಲಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಆರಿಸಿದಳು. ಅಂಗಡಿಯವ, "ಎಲ್ಲಾರೂ ಮಾರಾಕ ಬರ್ತಾರ್ರಿ ಅವ್ವಾರ, ಕೊಳ್ಳಾಕ ಬಂದವ್ರು ನೀವ ಮೊದಲು" ಎಂದ. ಮನೆಗೆ ಬರುವಾಗ ರಿಕ್ಷಾದಲ್ಲಿ ಬಾಟಲಿಗಳು ಗಲಗಲ ಎನ್ನುತ್ತಿದ್ದವು. ನಾನು ಸೆರಗನ್ನು ತಲೆ ಮೇಲೆ ಎಳೆದುಕೊಂಡು ಕೂತಿದ್ದೆ. ಚಿಗವ್ವ ಮಾತ್ರ ದಾರಿಯಲ್ಲಿ ಕಂಡವರನ್ನೆಲ್ಲ ಕರೆದು ಮಾತಾಡಿಸಿದಳು.

ಅಂತೂ ಬಿಯರು ಆಯಿತು. ಬಾರ್ಲಿ ಮೊಳಕೆ ಕಟ್ಟಿ, ಒಣಗಿಸಿ, ಕುದಿಸಿ, ಸೋಸಿ, ಹುದುಗು ಬರಿಸಿ. ರುಚಿ ನೋಡುವವರು ಯಾರು? ನನ್ನ ಗಂಡ! ಅತ್ತೆಯಂಥವಳ ಮುಂದೆ ಮೊಣಕಾಲು ಕೂಡಿಸಿ ಕೂತು, ಸ್ಟೀಲ್ ಲೋಟದಲ್ಲಿ ಬಿಯರು ಕುಡಿಯುವ ಸಂಕಟ ಯಾವ ಅಳಿಯನಿಗೂ ಬರಬಾರದು. ಅವರು ಕಣ್ಣು ಮುಚ್ಚಿ ನುಂಗಿ, "ಛಲೋ ಐತ್ರಿ" ಎಂದರು.

"ಛಲೋ ಅಂತ ಬರಕೊಳ್ಳಾಕ ಬರೂದಿಲ್ಲರಿ ಅಳಿಯಂದ್ರ. ಕಹಿ ಹತ್ತಕ್ಕ ಎಷ್ಟು?"

"ಹನ್ನೆರಡು" ಎಂದರು ನನ್ನ ಗಂಡ.

ಎರಡನೆಯ ಸಲದ ಬಾಟಲಿಗಳಿಗೆ ಸಕ್ಕರೆ ಒಂದಿಷ್ಟು ಹೆಚ್ಚಾಗಿತ್ತು. ಅವನ್ನು ದೇವರ ಕೋಣೆಯ ಪಕ್ಕದ ಅಲಮಾರಿಯಲ್ಲಿ ಇಟ್ಟಿದ್ದಳು. ವಾರಕ್ಕೊಮ್ಮೆ ಅವಳ ಮನೆಯಲ್ಲಿ ನಡೆಯುವ ಓಣಿಯ ಹೆಣ್ಣುಮಕ್ಕಳ ಭಜನೆ ಒಂದು ದಿನ ರಂಗೇರಿದಾಗ ಅಲಮಾರಿಯೊಳಗೆ ಒಂದು ಢಮ್ಮೆಂದಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಬಾಗಿಲ ಸಂದಿಯಿಂದ ನೊರೆ ಇಳಿದು ಬಂತು. ಭಜನೆ ನಿಂತಿತು. ಚಿಗವ್ವ ತಾಳ ಕೆಳಗಿಡದೆ, "ನನ್ನ ಲ್ಯಾಬಿನ ಕೆಲಸ ಐತಿ, ನೀವು ಮುಂದ ಹೇಳ್ರಿ" ಎಂದಳು. ಅವರು ಮುಂದೆ ಹೇಳಿದರು. ಮುಂದಿನ ವಾರ ಭಜನೆಗೆ ಎಂದಿಗಿಂತ ಹೆಚ್ಚು ಜನ ಬಂದಿದ್ದರು.

ಶ್ರಾವಣ ಬಂತು. ಒಂದು ದಿನ ಚಿಗವ್ವನ ಫೋನು. ಏದುಸಿರಿನಲ್ಲೇ ನನ್ನ ಹೆಸರನ್ನು ಎರಡು ಸಲ ಕರೆದಳು. ಏನಾಯಿತೋ ಎಂದು ನಾನು ಗಾಬರಿಯಾದೆ. ಕಡೆಗೆ, "ಬಿಟ್ಟೈತಿ" ಎಂದಳು. ಹೋಗಿ ನೋಡಿದೆವು. ಹೆಬ್ಬಳ್ಳಿ ಮೂರರ ತುದಿಯಲ್ಲಿ ಹಸಿರು ಜುಮಕಿಯಂಥ ಹೂಗಳು, ಎಲ್ಲ ಸೇರಿ ಒಂದು ಬೊಗಸೆ. ಮೂರು ವರ್ಷದ ಫಸಲು. ಮುಟ್ಟಿದರೆ ಕಾಗದದ ಹಾಗೆ ಸಪ್ಪಳ ಬರಬೇಕು, ಅಲ್ಲಿಯವರೆಗೆ ಕೀಳಬಾರದು ಎಂದು ಕಾದಳು. ದಿನಾ ಬಸ್ಸು ಹತ್ತಿ ಹೋಗಿ ಬೆರಳ ತುದಿಯಿಂದ ಮುಟ್ಟಿ ಬರುತ್ತಿದ್ದಳು. ಸೋಮವಾರ ಕೀಳುವುದೆಂದು ಗೊತ್ತಾಯಿತು.

ಸೋಮವಾರ ನಾವಿಬ್ಬರೂ ಹೋದರೆ ಬಳ್ಳಿ ಬೋಳು. ಒಂದೂ ಹೂವಿಲ್ಲ.

ಎಮ್ಮೆಯ ಕೆಲಸವಲ್ಲ, ಎಲೆಗಳು ಇದ್ದ ಹಾಗೇ ಇದ್ದವು. ಚಿಗವ್ವ ಕಂಬ ಹಿಡಿದು ನಿಂತುಬಿಟ್ಟಳು. ಬಾವಿಯ ಆಚೆಗೆ ನಮ್ಮ ಮನೆತನದ ಪುಟ್ಟ ಈಶ್ವರನ ಗುಡಿಯಿದೆ. ಅದರೊಳಗಿಂದ ಮಾಮಾ ಒದ್ದೆ ಪಂಚೆಯಲ್ಲಿ ಹೊರಗೆ ಬಂದ. ಅವನ ಹಿಂದೆ, ಒಳಗೆ, ಲಿಂಗದ ತಲೆ ಮೇಲೆ ಚಿಗವ್ವನ ಅಷ್ಟೂ ಫಸಲು!

ನನಗೆ ಮೈ ಉರಿದುಹೋಯಿತು. ಹಿರಿಯ ಎಂದು ನೋಡದೆ, "ಇದೇನ ಮಾಡಿದಿ ಮಾಮಾ? ಮೂರು ವರ್ಷ ಕಾದಾಳ ಆಕಿ" ಎಂದೆ.

ಮಾಮಾ ನನ್ನ ಕಡೆ ನೋಡಲಿಲ್ಲ. ತಂಗಿಗೇ ಹೇಳಿದ. "ಬೇಡಿಕೊಂಡಿದ್ನಿ. ನನ್ನ ತಂಗಿ ಬಳ್ಳಿ ಹೂ ಬಿಡ್ಲಿ, ಮೊದಲ ಹೂ ನಿನಗ ಏರಸ್ತೇನಿ ಅಂತ. ದಿನಾ ಸಂಜೀಕ ಬಲ್ಬು ಹಚ್ಚಾಂವ ನಾನ, ಹೂ ಬಂತೇನು ಅಂತ ನೋಡಾಂವ ನಾನ. ಅವತ್ತ ಅಪ್ಪ ನಿನ್ನ ಕಲಿಯೂದು ಬಿಡಿಸಿದಾಗ ನಾ ಅಲ್ಲೇ ಕುಂತಿದ್ನಿ. ಬಾಯಿ ಬಿಡಲಿಲ್ಲ. ನಲವತ್ತ ವರ್ಷ ಆತು, ಅದು ನನ್ನ ಸುಡಾಕತ್ತೈತಿ."

ಚಿಗವ್ವ ಗುಡಿಯ ಬಾಗಿಲಿಗೆ ಬಂದು ಒಳಗೆ ನೋಡಿ, "ದೇವರಿಗೆ ಏರಿಸಿದ್ದನ್ನ ನಾ ಹ್ಯಾಂಗ ಬಿಯರಿಗೆ ಹಾಕಲೋ ಅಣ್ಣಾ?" ಎಂದಳು.

"ಎಲ್ಲಾ ಹೇಳೇ ಏರಿಸೀನಿ. ಇದರಿಂದ ಆಕಿ ಏನ ಮಾಡ್ತಾಳ ಅನ್ನೂದೂ ಹೇಳೀನಿ. ಸೆರಗ ಹಿಡಿ."

ನಮ್ಮಲ್ಲಿ ತವರಿಗೆ ಬಂದ ಹೆಣ್ಣುಮಗಳನ್ನು ಉಡಿ ತುಂಬಿ ಕಳಿಸುತ್ತಾರೆ. ಅಕ್ಕಿ, ಕೊಬ್ಬರಿ, ಎಲೆ, ಅಡಿಕೆ. ನನ್ನ ಅವ್ವನಿಗೆ ಪ್ರತಿ ಸಲವೂ ತುಂಬಿದ್ದು ನೋಡಿದ್ದೇನೆ. ಆಗೆಲ್ಲ ಚಿಗವ್ವ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿರುತ್ತಿದ್ದಳು. ಲಗ್ನವಾಗದವಳ ಉಡಿಯನ್ನು ಯಾರೂ ತುಂಬಲಿಲ್ಲ, ತುಂಬಬೇಕೆಂದು ನಮಗಾರಿಗೂ ಹೊಳೆಯಲೂ ಇಲ್ಲ. ನನಗೆ ನಾಚಿಕೆಯಾಯಿತು.

ಮಾಮಾ ಗುಡಿಯೊಳಗೆ ಹೋಗಿ ಹೂಗಳನ್ನು ಎರಡೂ ಕೈಯಲ್ಲಿ ತಂದು ಅವಳ ಸೆರಗಿನಲ್ಲಿ ಹಾಕಿದ. ಒಂದು ಸಲಕ್ಕೆ ಆಗುವುದನ್ನು ಮೂರು ಸಲ ಮಾಡಿ, ಸ್ವಲ್ಪ ಸ್ವಲ್ಪವೇ ಹಾಕಿದ. ಚಿಗವ್ವ ಸೆರಗನ್ನು ಸುತ್ತಿ ಹೊಟ್ಟೆಗೆ ಅವಚಿಕೊಂಡು, ಬಗ್ಗಿ ಅಣ್ಣನ ಪಾದ ಮುಟ್ಟಿದಳು. ಏಳುವಾಗ ಅವಳ ಮುಖವೆಲ್ಲ ಒದ್ದೆಯಾಗಿತ್ತು.